ಒಂದೇ ರಾತ್ರಿ, ಎರಡು ಬ್ಯಾಟಲ್‌ಶಿಪ್: ಗ್ವಾಡಲ್‌ಕೆನಾಲ್, ನವೆಂಬರ್ 1942

ಎರಡನೇ ಮಹಾಯುದ್ಧದ ನಡುವೆ, 1942ರ ನವೆಂಬರ್ 14ರ ರಾತ್ರಿ ಅಮೆರಿಕದ ಎರಡು ಬ್ಯಾಟಲ್‌ಶಿಪ್‌ಗಳು (ದೊಡ್ಡ ಫಿರಂಗಿ, ದಪ್ಪ ಉಕ್ಕಿನ ಕವಚದ ಭಾರೀ ಯುದ್ಧನೌಕೆಗಳು) ಪೆಸಿಫಿಕ್‌ನ ಗ್ವಾಡಲ್‌ಕೆನಾಲ್ ದ್ವೀಪದ ಪಕ್ಕದ ಇಕ್ಕಟ್ಟಾದ ಸಮುದ್ರಕ್ಕೆ ನುಗ್ಗಿದವು. ಹೆಸರು ವಾಷಿಂಗ್ಟನ್ ಮತ್ತು ಸೌತ್ ಡಕೋಟಾ. ಎರಡೂ ಹೊಸ ಹಡಗುಗಳು. ಎರಡರಲ್ಲೂ 16 ಇಂಚು ಬಾಯಿಯ ಒಂಬತ್ತು ಫಿರಂಗಿಗಳು. ಎರಡರಲ್ಲೂ ರೇಡಾರ್. ಎದುರಾಳಿಯೂ ಒಂದೇ. ಆದರೂ ನಡುರಾತ್ರಿ ದಾಟಿ ಸ್ವಲ್ಪ ಹೊತ್ತಿಗೆಲ್ಲ ಒಂದು ಹಡಗು ಜಪಾನಿನ ಬ್ಯಾಟಲ್‌ಶಿಪ್ ಒಂದರ ಕಥೆ ಮುಗಿಸಿತ್ತು. ಇನ್ನೊಂದು ಏನೂ ಕಾಣದೆ, ಯಾರ ಜೊತೆಗೂ ಮಾತಾಡಲಾಗದೆ, ಏಟಿನ ಮೇಲೆ ಏಟು ತಿಂದು ದಕ್ಷಿಣಕ್ಕೆ ಹೊರಟಿತ್ತು.

ಅಮೆರಿಕದ ಬ್ಯಾಟಲ್‌ಶಿಪ್‌ಗಳು ಅರ್ಧ ಶತಮಾನದಲ್ಲಿ ಹೇಗೆ ಬದಲಾದವು ಅನ್ನುವುದನ್ನು ಒಂದೇ ಘಟನೆಯಲ್ಲಿ ನೋಡಬೇಕಾದರೆ ನಾನು ಇದನ್ನೇ ಆರಿಸುತ್ತೇನೆ. ಅಷ್ಟೂ ವರ್ಷ ಫಿರಂಗಿ ಎಷ್ಟು ದೊಡ್ಡದು, ಉಕ್ಕು ಎಷ್ಟು ದಪ್ಪ ಅನ್ನುವ ಲೆಕ್ಕದಲ್ಲೇ ಹಡಗು ಕಟ್ಟಿದ್ದರು. ಆ ರಾತ್ರಿ ಫಲಿತಾಂಶ ನಿರ್ಧರಿಸಿದ್ದು ಕರೆಂಟು ಮತ್ತು ರೇಡಾರ್. ಅದಕ್ಕಿಂತ ಜಾಸ್ತಿ, ರೇಡಾರ್‌ಗೆ ಏನು ಕಾಣುವುದಿಲ್ಲ ಅಂತ ತಿಳಿದಿದ್ದ ಒಬ್ಬ ಅಡ್ಮಿರಲ್.

ಹಿನ್ನೆಲೆ

ಅಮೆರಿಕದ ಮೊದಲ ನಿಜವಾದ ಬ್ಯಾಟಲ್‌ಶಿಪ್ ಅಂತ ಎಣಿಸುವುದು 1895ರಲ್ಲಿ ಸೇವೆಗೆ ಬಂದ ಇಂಡಿಯಾನಾವನ್ನು. ಆ ಕಾಲದ ಹಡಗುಗಳಲ್ಲಿ ನಾಲ್ಕಾರು ಬಗೆಯ ಫಿರಂಗಿಗಳಿದ್ದವು, ಗುರಿ ಹಿಡಿಯುವುದು ಬರಿಗಣ್ಣಿನ ಕೆಲಸ. 1906ರಲ್ಲಿ ಬ್ರಿಟನ್ನಿನ ಡ್ರೆಡ್‌ನಾಟ್ ಹಡಗು ಬಂದ ಮೇಲೆ ಎಲ್ಲರೂ ಒಂದೇ ಅಳತೆಯ ದೊಡ್ಡ ಫಿರಂಗಿಗಳ ಕಡೆಗೆ ತಿರುಗಿದರು. ಅಮೆರಿಕ ಅದಕ್ಕೂ ಮೊದಲೇ ಅದೇ ದಾರಿಯಲ್ಲಿ ಯೋಚಿಸುತ್ತಿತ್ತು. ಸೌತ್ ಕ್ಯಾರೊಲಿನಾ ಹಡಗಿನಲ್ಲಿ ಒಂದು ಟರೆಟ್ಟಿನ (ಫಿರಂಗಿ ಕೂರಿಸಿದ, ತಿರುಗುವ ಉಕ್ಕಿನ ಗೂಡು) ಹಿಂದೆ ಇನ್ನೊಂದನ್ನು ಎತ್ತರದಲ್ಲಿ ಕೂರಿಸಿದರು. ಹಾಗಾಗಿ ಎಂಟೂ ಫಿರಂಗಿಗಳನ್ನು ಯಾವ ಮಗ್ಗುಲಿಗೆ ಬೇಕಾದರೂ ತಿರುಗಿಸಿ ಹೊಡೆಯಬಹುದಿತ್ತು. ಮುಂದೆ ಎಲ್ಲ ದೇಶಗಳೂ ಇದನ್ನೇ ಅನುಸರಿಸಿದವು.

ನಮ್ಮ ಪ್ರಕರಣಕ್ಕೆ ಮುಖ್ಯವಾದ ಹಡಗು 1916ರ ನೆವಾಡಾ. ಅದರಲ್ಲಿ ಒಂದು ಹೊಸ ತತ್ವ ಬಂತು. ಹಡಗಿನ ಮೈಗೆಲ್ಲ ತೆಳ್ಳಗೆ ಉಕ್ಕು ಹಚ್ಚಿ ಉಪಯೋಗವಿಲ್ಲ. ಎಂಜಿನ್, ಮದ್ದುಗುಂಡಿನ ಕೋಣೆ, ಟರೆಟ್, ಚುಕ್ಕಾಣಿ ಯಂತ್ರ ಇಷ್ಟಕ್ಕೆ ಇರುವ ಉಕ್ಕನ್ನೆಲ್ಲ ಸುರಿ, ಉಳಿದದ್ದನ್ನು ಬೆತ್ತಲೆ ಬಿಡು. ಶತ್ರುವಿನ ಗುಂಡು ಬೆತ್ತಲೆ ಭಾಗದಲ್ಲಿ ತೂರಿ ಆಚೆ ಹೋದರೆ ಹೋಗಲಿ, ಹಡಗು ಮುಳುಗುವುದಿಲ್ಲ. 1916ರ ಮಟ್ಟಿಗೆ ಇದು ಬಹಳ ಜಾಣತನದ ಲೆಕ್ಕ. ಯಾಕೆಂದರೆ ಆಗ ಡೆಕ್ಕಿನ ಮೇಲಿನ ಕಟ್ಟಡಗಳಲ್ಲಿ ಕಳೆದುಕೊಂಡರೆ ಅಳುವಂಥದ್ದು ಹೆಚ್ಚೇನೂ ಇರಲಿಲ್ಲ. 1942ಕ್ಕೆ ಅಲ್ಲಿ ಏನೆಲ್ಲ ಬಂದು ಕೂತಿತ್ತು ಅನ್ನುವುದೇ ಮುಂದಿನ ಕಥೆ.

ನಡುವೆ 1922ರ ವಾಷಿಂಗ್ಟನ್ ನೌಕಾ ಒಪ್ಪಂದ ಬಂತು. ಒಂದು ಹಡಗು 35,000 ಟನ್ ಮೀರಬಾರದು, ಫಿರಂಗಿ 16 ಇಂಚು ಮೀರಬಾರದು, ಹೊಸದನ್ನು ಕಟ್ಟುವುದಕ್ಕೆ ದೀರ್ಘ ವಿರಾಮ. ಆಗ ಅಮೆರಿಕ ಕಟ್ಟುತ್ತಿದ್ದ ಒಂದು ಬ್ಯಾಟಲ್‌ಶಿಪ್ಪಿನ ಹೆಸರೂ ವಾಷಿಂಗ್ಟನ್ನೇ. ಮುಕ್ಕಾಲು ಭಾಗ ಮುಗಿದಿದ್ದ ಅದನ್ನು ನಿಲ್ಲಿಸಿ, 1924ರ ನವೆಂಬರಿನಲ್ಲಿ ತಮ್ಮದೇ ಫಿರಂಗಿಗಳಿಗೆ ಗುರಿಯಾಗಿಟ್ಟು ಮುಳುಗಿಸಿದರು. 1923ರ ಕೊನೆಗೆ ಸೇವೆಗೆ ಸೇರಿದ ವೆಸ್ಟ್ ವರ್ಜೀನಿಯಾದ ನಂತರ 1941ರ ಏಪ್ರಿಲ್‌ವರೆಗೆ ಅಮೆರಿಕದ ನೌಕಾಪಡೆಗೆ ಒಂದೂ ಹೊಸ ಬ್ಯಾಟಲ್‌ಶಿಪ್ ಬರಲಿಲ್ಲ. ಹದಿನೇಳು ವರ್ಷ!

ಆಮೇಲೆ ಬಂದದ್ದು ನಾರ್ತ್ ಕ್ಯಾರೊಲಿನಾ ಮತ್ತು ಅದರ ಜೋಡಿ, ನಮ್ಮ ಕಥೆಯ ವಾಷಿಂಗ್ಟನ್. ಇವುಗಳ ನಕ್ಷೆಯಲ್ಲೇ ಒಂದು ತಮಾಷೆ ಇದೆ. 1936ರ ಲಂಡನ್ ಒಪ್ಪಂದ ಫಿರಂಗಿಯ ಮಿತಿಯನ್ನು 14 ಇಂಚಿಗೆ ಇಳಿಸಿತ್ತು. ಹಾಗಾಗಿ 14 ಇಂಚಿನ ಹನ್ನೆರಡು ಫಿರಂಗಿ, 14 ಇಂಚಿನ ಗುಂಡು ತಡೆಯುವ ಉಕ್ಕು ಅಂತ ನಕ್ಷೆ ಹಾಕಿದರು. ಆದರೆ ಜಪಾನ್ ಈ ಮಿತಿಗೆ ಒಪ್ಪಲಿಲ್ಲ. ಹಾಗೇನಾದರೂ ಆದರೆ 16 ಇಂಚಿಗೆ ಹೋಗಬಹುದು ಅಂತ ಒಪ್ಪಂದದಲ್ಲೇ ಒಂದು ಕಿಟಕಿ ಇಟ್ಟಿದ್ದರು. ಅಮೆರಿಕ ಅದನ್ನು ಬಳಸಿ, ನಾಲ್ಕು ಫಿರಂಗಿಯ ಟರೆಟ್ ತೆಗೆದು 16 ಇಂಚಿನ ಮೂರು ಫಿರಂಗಿಯ ಟರೆಟ್ ಕೂರಿಸಿತು. ಉಕ್ಕನ್ನು ದಪ್ಪ ಮಾಡುವುದಕ್ಕೆ ಮಾತ್ರ ತೂಕ ಉಳಿದಿರಲಿಲ್ಲ. ಅಂದರೆ ವಾಷಿಂಗ್ಟನ್ 16 ಇಂಚಿನ ಏಟು ಕೊಡಬಲ್ಲ, 14 ಇಂಚಿನ ಏಟು ಮಾತ್ರ ತಡೆಯಬಲ್ಲ ಹಡಗು.

ಸೌತ್ ಡಕೋಟಾ ಈ ಕೊರತೆಯನ್ನು ಸರಿಪಡಿಸಲು ಹುಟ್ಟಿದ್ದು. ಅದೇ 35,000 ಟನ್ನಿನೊಳಗೆ 16 ಇಂಚಿನ ಗುಂಡನ್ನೂ ತಡೆಯಬೇಕು. ಅದಕ್ಕೆ ಉಳಿದ ಉಪಾಯ ಒಂದೇ, ಹಡಗನ್ನು ಗಿಡ್ಡ ಮಾಡುವುದು. ವಾಷಿಂಗ್ಟನ್ 222 ಮೀಟರ್ ಉದ್ದ, ಸೌತ್ ಡಕೋಟಾ 207. ಒಳಗೆ ಕಾಲಿಡಲು ಜಾಗವಿಲ್ಲದಷ್ಟು ಇಕ್ಕಟ್ಟು. ಆದರೆ ಕಾಗದದ ಮೇಲೆ ನೋಡಿದರೆ ಇದೇ ಗಟ್ಟಿ ಹಡಗು. ಆ ರಾತ್ರಿ ಯಾವುದು ಚೆನ್ನಾಗಿ ಕಾದಾಡುತ್ತದೆ ಅಂತ ಪಂದ್ಯ ಕಟ್ಟಿದ್ದರೆ ಹೆಚ್ಚಿನವರು ಇದರ ಮೇಲೇ ಕಟ್ಟುತ್ತಿದ್ದರೇನೋ.

ಸಂದರ್ಭ

1942ರ ಆಗಸ್ಟ್ 7ರಂದು ಅಮೆರಿಕದ ಸೈನಿಕರು ಗ್ವಾಡಲ್‌ಕೆನಾಲ್‌ನಲ್ಲಿ ಇಳಿದಿದ್ದರು. ಜಪಾನೀಯರು ಅರ್ಧ ಕಟ್ಟಿದ್ದ ವಿಮಾನನಿಲ್ದಾಣವನ್ನು ಹಿಡಿದು, ಮುಗಿಸಿ, ಹೆಂಡರ್ಸನ್ ಫೀಲ್ಡ್ ಅಂತ ಹೆಸರಿಟ್ಟರು. ಅಲ್ಲಿಂದ ಮುಂದೆ ನಡೆದದ್ದೆಲ್ಲ ಆ ಒಂದು ರನ್‌ವೇಗಾಗಿ. ಹಗಲು ಅಮೆರಿಕದ ವಿಮಾನಗಳದ್ದು, ರಾತ್ರಿ ಜಪಾನಿನ ಹಡಗುಗಳದ್ದು.

ನವೆಂಬರ್ 13ರ ನಸುಕಿನಲ್ಲಿ ಅದೇ ನೀರಿನಲ್ಲಿ ಒಂದು ಭೀಕರ ಕಾದಾಟ ಆಗಿತ್ತು. ಅಮೆರಿಕದ ಇಬ್ಬರು ಅಡ್ಮಿರಲ್‌ಗಳು, ಕ್ಯಾಲಹನ್ ಮತ್ತು ಸ್ಕಾಟ್, ಸತ್ತರು. ಜಪಾನಿನ ಬ್ಯಾಟಲ್‌ಶಿಪ್ ಹಿಯೇ ಕೆಟ್ಟು ನಿಂತು, ಹಗಲಲ್ಲಿ ವಿಮಾನಗಳ ಕೈಗೆ ಸಿಕ್ಕಿ ಮುಳುಗಿತು. ಆದರೂ ಜಪಾನ್ ಬಿಡಲಿಲ್ಲ. ಅಡ್ಮಿರಲ್ ಕೊಂಡೊ ಇನ್ನೊಂದು ಬ್ಯಾಟಲ್‌ಶಿಪ್ ಕಿರಿಶಿಮಾ, ಅಟಾಗೊ ಮತ್ತು ಟಕಾವೊ ಎಂಬ ಭಾರೀ ಕ್ರೂಸರ್‌ಗಳು (ಬ್ಯಾಟಲ್‌ಶಿಪ್‌ಗಿಂತ ಚಿಕ್ಕ ಯುದ್ಧನೌಕೆ), ಎರಡು ಹಗುರ ಕ್ರೂಸರ್ ಮತ್ತು ಒಂಬತ್ತು ಡಿಸ್ಟ್ರಾಯರ್ (ಅದಕ್ಕೂ ಚಿಕ್ಕ, ಚುರುಕಾದ ಹಡಗು) ಕಟ್ಟಿಕೊಂಡು 14ರ ರಾತ್ರಿ ಮತ್ತೆ ಹೊರಟರು. ಉದ್ದೇಶ ರನ್‌ವೇಯನ್ನು ಗುಂಡಿನಿಂದ ಉತ್ತು ಹಾಕುವುದು, ಹಿಂದೆ ಬರುತ್ತಿದ್ದ ಸೈನಿಕರ ಹಡಗುಗಳಿಗೆ ದಾರಿ ಮಾಡಿಕೊಡುವುದು.

ತಡೆಯಲು ಆ ಭಾಗದ ಅಮೆರಿಕನ್ ಪಡೆಗಳ ಮುಖ್ಯಸ್ಥ ಅಡ್ಮಿರಲ್ ಹಾಲ್ಸಿಯ ಹತ್ತಿರ ಉಳಿದಿದ್ದು ಬಹಳ ಕಡಿಮೆ. ವಿಮಾನವಾಹಕ ಎಂಟರ್‌ಪ್ರೈಸ್‌ನ ಕಾವಲಿಗಿದ್ದ ಎರಡು ಬ್ಯಾಟಲ್‌ಶಿಪ್‌ಗಳನ್ನು ಬಿಡಿಸಿ ಕಳಿಸಿದರು. ಇಂಥ ದೊಡ್ಡ ಹಡಗುಗಳನ್ನು ರಾತ್ರಿ ಹೊತ್ತು, ದ್ವೀಪಗಳ ನಡುವೆ, ಟಾರ್ಪಿಡೊ (ನೀರಿನೊಳಗೆ ಸಾಗಿ ಹಡಗಿಗೆ ಬಡಿಯುವ ಸಿಡಿತಲೆ) ಇರುವ ಕಡೆ ಕಳಿಸಬಾರದು ಅನ್ನುವುದು ನೌಕಾ ಶಾಲೆಗಳ ಮೊದಲ ಪಾಠ. ಹಾಲ್ಸಿಗೆ ಬೇರೆ ದಾರಿ ಇರಲಿಲ್ಲ. ಜೊತೆಗೆ ನಾಲ್ಕು ಡಿಸ್ಟ್ರಾಯರ್: ವಾಕ್, ಬೆನ್ಹಮ್, ಪ್ರೆಸ್ಟನ್, ಗ್ವಿನ್. ನಾಲ್ಕೂ ಬೇರೆ ಬೇರೆ ತುಕಡಿಯವು. ಆರಿಸಿದ್ದು ಯಾವುದರಲ್ಲಿ ಎಣ್ಣೆ ಜಾಸ್ತಿ ಇದೆ ಅಂತ ನೋಡಿ. ಒಟ್ಟಿಗೆ ಒಂದು ದಿನವೂ ತಾಲೀಮು ಮಾಡಿದವರಲ್ಲ.

ಈ ಆರು ಹಡಗುಗಳ ನಾಯಕ ರೇರ್ ಅಡ್ಮಿರಲ್ ವಿಲಿಸ್ ಲೀ. ಕೆಂಟಕಿಯವರು, ದಪ್ಪ ಕನ್ನಡಕ, ಆಡಂಬರ ಇಲ್ಲದ ಮನುಷ್ಯ. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಶೂಟಿಂಗ್‌ನಲ್ಲಿ ಏಳು ಪದಕ ಗೆದ್ದವರು, ಅದರಲ್ಲಿ ಐದು ಚಿನ್ನ. ಆದರೆ ಇಲ್ಲಿ ಕೆಲಸಕ್ಕೆ ಬಂದದ್ದು ಆ ಕೈಯಲ್ಲ, ಇನ್ನೊಂದು ಹುಚ್ಚು. ಅವರಿಗೆ ರೇಡಾರ್ ಬಗ್ಗೆ ವಿಪರೀತ ಆಸಕ್ತಿ. ರೇಡಾರ್ ನಡೆಸುವವರಿಗಿಂತ ಅಡ್ಮಿರಲ್‌ಗೇ ಅದು ಚೆನ್ನಾಗಿ ಗೊತ್ತು ಅನ್ನುವ ಮಾತು ನೌಕಾಪಡೆಯಲ್ಲಿತ್ತು. ಆಗ ಬಹುತೇಕ ಹಿರಿಯ ಅಧಿಕಾರಿಗಳಿಗೆ ರೇಡಾರ್ ಅಂದರೆ ಮೂಲೆಯಲ್ಲಿ ಗುಂಯ್‌ಗುಡುವ ಪೆಟ್ಟಿಗೆ, ಅಷ್ಟೇ.

ಕತ್ತಲಾದ ಹಡಗು

ರಾತ್ರಿ 11 ದಾಟಿದ ಮೇಲೆ ಗ್ವಾಡಲ್‌ಕೆನಾಲ್ ಪಕ್ಕದ ಸಾವೊ ದ್ವೀಪದ ಹತ್ತಿರ ಜಪಾನಿನ ಕ್ರೂಸರ್ ಸೆಂಡೈ ರೇಡಾರ್‌ನಲ್ಲಿ ಕಂಡಿತು. 11:17ಕ್ಕೆ ವಾಷಿಂಗ್ಟನ್ ಗುಂಡು ಹಾರಿಸಿತು. ಸೆಂಡೈಗೆ ಏಟು ಬೀಳಲಿಲ್ಲ, ಅದು ಹೊಗೆ ಎಬ್ಬಿಸಿ ಹಿಂದೆ ಸರಿಯಿತು. ಮುಂದಿದ್ದ ನಾಲ್ಕು ಡಿಸ್ಟ್ರಾಯರ್‌ಗಳಿಗೆ ಅಷ್ಟು ಅದೃಷ್ಟ ಇರಲಿಲ್ಲ. ದ್ವೀಪದ ನೆರಳಿನಲ್ಲಿದ್ದ ಜಪಾನಿನ ಹಡಗುಗಳನ್ನು ರೇಡಾರ್ ಬೇರೆ ಮಾಡಿ ತೋರಿಸಲಿಲ್ಲ. ಅರ್ಧ ಗಂಟೆಯೊಳಗೆ ವಾಕ್ ಮತ್ತು ಪ್ರೆಸ್ಟನ್ ಮುಳುಗಿದವು. ಬೆನ್ಹಮ್‌ನ ಮೂತಿಯನ್ನು ಟಾರ್ಪಿಡೊ ಕಿತ್ತುಹಾಕಿತು. ಗ್ವಿನ್‌ನ ಎಂಜಿನ್ ಕೋಣೆಗೆ ಏಟು ಬಿತ್ತು. ಉಳಿದ ಎರಡನ್ನು ಲೀ ವಾಪಸ್ ಕಳಿಸಿದರು.

ಸರಿಯಾಗಿ ಇದೇ ಹೊತ್ತಿಗೆ, 11:30ರ ಸುಮಾರಿಗೆ, ಸೌತ್ ಡಕೋಟಾದಲ್ಲಿ ಕರೆಂಟು ಹೋಯಿತು.

ಶತ್ರುವಿನ ಏಟಿನಿಂದಲ್ಲ. ಅದೇ ಇಲ್ಲಿ ಗಮನಿಸಬೇಕಾದ್ದು. ಹೆಚ್ಚಿನ ವಿವರಣೆಗಳು ಹೇಳುವುದು ಹೀಗೆ. ಹಡಗಿನ ಎಂಜಿನಿಯರಿಂಗ್ ವಿಭಾಗದವರು ಸರ್ಕ್ಯೂಟ್ ಬ್ರೇಕರ್‌ಗಳು ಟ್ರಿಪ್ ಆಗದಂತೆ ಕಟ್ಟಿಹಾಕಿದ್ದರು. ನಿಯಮಕ್ಕೆ ವಿರುದ್ಧ, ಆದರೆ ಯಾಕೆ ಮಾಡಿದರು ಅಂತ ಊಹಿಸಬಹುದು. ಫಿರಂಗಿ ಹಾರುವ ಅದುರಿಗೆ ಬ್ರೇಕರ್ ಸುಮ್ಸುಮ್ನೆ ಬೀಳುತ್ತಿದ್ದರೆ ಕಾದಾಟದ ನಡುವೆ ಯಾರು ಎತ್ತಿಕೊಂಡು ಕೂರುತ್ತಾರೆ? ಮನೆಯಲ್ಲಿ ಎಂಸಿಬಿ ಪದೇ ಪದೇ ಬೀಳುತ್ತದೆ ಅಂತ ಅದಕ್ಕೆ ಕಡ್ಡಿ ಸಿಕ್ಕಿಸಿ ನಿಲ್ಲಿಸುತ್ತಾರಲ್ಲ, ಅದೇ ಬುದ್ಧಿ. ದೋಷ ಬಂದಾಗ ಆ ಒಂದು ಭಾಗವನ್ನು ಬೇರ್ಪಡಿಸಬೇಕಾದ ಬ್ರೇಕರ್ ಬೀಳಲಿಲ್ಲ. ಹೊರೆ ಒಂದರಿಂದ ಇನ್ನೊಂದಕ್ಕೆ ದಾಟುತ್ತಾ ಹೋಯಿತು. ರೇಡಾರ್, ರೇಡಿಯೊ, ಫಿರಂಗಿಗಳಿಗೆ ಗುರಿ ಹೇಳುವ ಯಂತ್ರಗಳು ಎಲ್ಲ ಒಟ್ಟಿಗೆ ನಿಂತವು.

ಕೆಲವೇ ನಿಮಿಷಗಳಲ್ಲಿ ಕರೆಂಟು ಭಾಗಶಃ ಮರಳಿತು. ಆದರೆ ಅಷ್ಟರಲ್ಲಿ ಕ್ಯಾಪ್ಟನ್ ಥಾಮಸ್ ಗ್ಯಾಚ್‌ಗೆ ಯಾರು ಎಲ್ಲಿದ್ದಾರೆ ಅನ್ನುವ ಲೆಕ್ಕ ತಪ್ಪಿತ್ತು. ಎದುರಿಗೆ ತಮ್ಮದೇ ಡಿಸ್ಟ್ರಾಯರ್‌ಗಳು ಧಗಧಗ ಉರಿಯುತ್ತಿದ್ದವು. ಅವುಗಳಿಗೆ ಡಿಕ್ಕಿ ಹೊಡೆಯುವುದನ್ನು ತಪ್ಪಿಸಲು ಸೌತ್ ಡಕೋಟಾ ಬಲಕ್ಕೆ ತಿರುಗಿತು. ಅಂದರೆ ಬೆಂಕಿಗೂ ಜಪಾನೀಯರಿಗೂ ನಡುವೆ ಬಂತು. ಹಿಂದಿನ ಬೆಳಕಿನಲ್ಲಿ ಇಡೀ ಹಡಗು ಕಪ್ಪಗೆ ಎದ್ದು ಕಂಡಿತು. ಸಾಲದ್ದಕ್ಕೆ ಹಿಂಭಾಗದ ಟರೆಟ್ ಹಾರಿಸಿದ ಬೆಂಕಿಗೆ ಡೆಕ್ಕಿನ ಮೇಲಿದ್ದ ತನ್ನದೇ ಪುಟ್ಟ ವಿಮಾನಗಳು ಹೊತ್ತಿಕೊಂಡವು. ಮುಂದಿನ ಹೊಡೆತದ ಗಾಳಿಗೆ ಅದರಲ್ಲಿ ಎರಡು ಸಮುದ್ರಕ್ಕೆ ಹಾರಿಹೋದವು, ಬೆಂಕಿಯೂ ಬಹುಪಾಲು ಆರಿತು. ಸಿನಿಮಾದಲ್ಲಿ ಹೀಗೆ ತೋರಿಸಿದರೆ ನಾವು ನಂಬುವುದಿಲ್ಲ.

ನಡುರಾತ್ರಿಯ ಹೊತ್ತಿಗೆ ಜಪಾನಿನ ಸರ್ಚ್‌ಲೈಟ್‌ಗಳು ಸೌತ್ ಡಕೋಟಾದ ಮೇಲೆ ಬಿದ್ದವು. ಕಿರಿಶಿಮಾ, ಅಟಾಗೊ, ಟಕಾವೊ ಎಲ್ಲ ಒಟ್ಟಿಗೆ ಗುರಿ ಇಟ್ಟವು. ನೌಕಾಪಡೆಯ ವರದಿ ಎಣಿಸಿದ್ದು 26 ಏಟು. ಅವುಗಳಲ್ಲಿ ಹಡಗಿನ ಮುಖ್ಯ ಕವಚವನ್ನು ಒಡೆದು ಒಳಗೆ ಹೋದದ್ದು ಒಂದೂ ಇಲ್ಲ. ಹಿಂದಿನ ಟರೆಟ್ಟಿನ ಬುಡಕ್ಕೆ ಬಡಿದ 14 ಇಂಚಿನ ಗುಂಡು ಕೂಡ ಡೆಕ್ಕನ್ನು ಹರಿದು ಅಲ್ಲೇ ನಿಂತಿತು. ನಕ್ಷೆ ಹಾಕಿದವರ ಲೆಕ್ಕ ಸರಿಯಾಗೇ ಇತ್ತು. ಹಡಗು ಮುಳುಗುವ ಅಪಾಯ ಬರಲೇ ಇಲ್ಲ.

ಆದರೆ ಬೆತ್ತಲೆ ಬಿಟ್ಟ ಮೇಲಿನ ಭಾಗ ಚಿಂದಿಯಾಯಿತು. ರೇಡಾರ್ ಆಂಟೆನಾ, ರೇಡಿಯೊ ತಂತಿ, ಗುರಿ ಹಿಡಿಯುವ ಯಂತ್ರಗಳ ಕೇಬಲ್ ಎಲ್ಲ ಇದ್ದದ್ದು ಅಲ್ಲೇ. ಸುಮಾರು 40 ಜನ ಸತ್ತರು, ಅದಕ್ಕಿಂತ ಹೆಚ್ಚು ಜನ ಗಾಯಗೊಂಡರು. ಗಾಯಗೊಂಡವರಲ್ಲಿ ಒಬ್ಬ ಸುಳ್ಳು ವಯಸ್ಸು ಹೇಳಿ ಸೇರಿದ್ದ 12 ವರ್ಷದ ಹುಡುಗ. ರೇಡಾರ್ ಹೋದ ಮೇಲೆ ಎಲ್ಲರಿಗೂ ಕಣ್ಣು ಕಟ್ಟಿದಂತಾಯಿತು ಅಂತ ಹಡಗಿನ ವರದಿಯೇ ಬರೆಯಿತು. 12:10ರ ಸುಮಾರಿಗೆ ಗ್ಯಾಚ್ ಹಡಗನ್ನು ಹೊರಕ್ಕೆ ತಿರುಗಿಸಿದರು. ಲೀಗೆ ಹೇಳುವುದಕ್ಕೆ ರೇಡಿಯೊ ಇರಲಿಲ್ಲ.

1916ರ ತತ್ವ 1942ರಲ್ಲಿ ಎಲ್ಲಿ ಸೋತಿತು ಅನ್ನುವುದು ಇಲ್ಲಿ ಸ್ಪಷ್ಟವಾಗಿದೆ. ಉಕ್ಕು ಹಡಗನ್ನು ತೇಲಿಸಿತು, ಆದರೆ ಕಾದಾಡುವ ಶಕ್ತಿ ಉಕ್ಕಿನ ಪೆಟ್ಟಿಗೆಯಿಂದ ಹೊರಗೆ, ಮೇಲಕ್ಕೆ, ತಂತಿಗಳಿಗೆ ವರ್ಗವಾಗಿಬಿಟ್ಟಿತ್ತು. ಅದನ್ನು ಕವಚದೊಳಗೆ ಇಡಲು ಆಗುವುದೂ ಇಲ್ಲ, ಆಂಟೆನಾ ಎತ್ತರದಲ್ಲೇ ಇರಬೇಕಲ್ವಾ?

ಹಿಂದಿನಿಂದ ಬಂದ ಹಡಗು

ವಾಷಿಂಗ್ಟನ್ ಅದೇ ಉರಿಯುವ ಡಿಸ್ಟ್ರಾಯರ್‌ಗಳನ್ನು ಎಡಕ್ಕೆ ಬಿದ್ದು ದಾಟಿತು. ಬೆಂಕಿ ಈಗ ಅದಕ್ಕೂ ಶತ್ರುವಿಗೂ ನಡುವೆ ಇತ್ತು. ಬೆಂಕಿಯ ಆಚೆಗಿರುವುದು ಜಪಾನೀಯರಿಗೆ ಕಾಣಲಿಲ್ಲ. ನೀರಿನಲ್ಲಿ ತೇಲುತ್ತಿದ್ದ ತಮ್ಮವರಿಗೆ ನಾವಿಕರು ಹಡಗು ಓಡುತ್ತಿದ್ದಂತೆಯೇ ತೆಪ್ಪಗಳನ್ನು ಎಸೆದರು. ನಿಲ್ಲುವಂತಿರಲಿಲ್ಲ. ಎಡ ಬಲ ಅನ್ನುವ ಈ ಒಂದು ತಿರುವಿನಲ್ಲಿ ಅದೃಷ್ಟದ ಪಾಲು ಇದೆ, ಅದನ್ನು ಮರೆತು ಪೂರ್ತಿ ಹೊಗಳಿಕೆ ಲೀಗೆ ಕೊಟ್ಟರೆ ಅನ್ಯಾಯ.

ಆದರೆ ಮುಂದಿನದು ಅದೃಷ್ಟವಲ್ಲ. ವಾಷಿಂಗ್ಟನ್‌ನಲ್ಲಿ ಸುತ್ತಲಿನ ಹಡಗುಗಳನ್ನು ಹುಡುಕುವ ಎಸ್‌ಜಿ ರೇಡಾರ್‌ನ ಆಂಟೆನಾ ಗೋಪುರದ ಮುಂಭಾಗದಲ್ಲಿತ್ತು. ಗೋಪುರವೇ ಅಡ್ಡ ಬಂದು ಹಿಂದಿನ ಸುಮಾರು 80 ಡಿಗ್ರಿ ಅದಕ್ಕೆ ಕಾಣುತ್ತಿರಲಿಲ್ಲ. ಸೌತ್ ಡಕೋಟಾ ಆ ಕಾಣದ ಮೂಲೆಗೆ ಹೋಗಿ ತಪ್ಪಿಸಿಕೊಂಡಿತ್ತು. ಈಗ ರೇಡಾರ್ ಪರದೆಯ ಮೇಲೆ ಬಲಗಡೆ ಒಂದು ದೊಡ್ಡ ಚುಕ್ಕೆ ಕಾಣುತ್ತಿದೆ. ಅದು ಶತ್ರುವೋ, ನಮ್ಮ ಜೋಡಿ ಹಡಗೋ? ಫಿರಂಗಿಗಳು ತಯಾರು, ದೂರ ಗೊತ್ತು, ವೇಗ ಗೊತ್ತು. ಯಂತ್ರವನ್ನು ಕಣ್ಣು ಮುಚ್ಚಿ ನಂಬುವವರಾಗಿದ್ದರೆ ಹೊಡೆದುಬಿಡುತ್ತಿದ್ದರು. ಲೀ ಹೊಡೆಯಲಿಲ್ಲ. ಆ ಚುಕ್ಕೆಯನ್ನು ಹಿಂಬಾಲಿಸುತ್ತಾ, ಹತ್ತಿರವಾಗುತ್ತಾ ಕಾದರು.

ಉತ್ತರ ಕೊಟ್ಟಿದ್ದು ಜಪಾನೀಯರೇ. ಸರ್ಚ್‌ಲೈಟ್ ಹಾಕಿ ಸೌತ್ ಡಕೋಟಾವನ್ನು ಬೆಳಗಿದ ಕ್ಷಣಕ್ಕೆ ಯಾರು ಯಾರು ಅಂತ ತಿಳಿಯಿತು. ಸರಿಯಾಗಿ ಮಧ್ಯರಾತ್ರಿ 12ಕ್ಕೆ, 8,400 ಗಜ ದೂರದಿಂದ ವಾಷಿಂಗ್ಟನ್ ಕಿರಿಶಿಮಾದ ಮೇಲೆ ಹೊಡೆಯಿತು. ಈ ಫಿರಂಗಿಗಳ ಮಟ್ಟಿಗೆ ಅದು ಮುಖಕ್ಕೆ ಮುಖ ಕೊಟ್ಟು ನಿಂತಷ್ಟು ಹತ್ತಿರ. ಒಂದೊಂದು ಗುಂಡು 1,225 ಕಿಲೊ. ಕಿರಿಶಿಮಾ 1913ರಲ್ಲಿ ನೀರಿಗಿಳಿದ ಹಡಗು, ಮೊದಲು ಬ್ಯಾಟಲ್‌ಕ್ರೂಸರ್ (ವೇಗಕ್ಕಾಗಿ ಕವಚ ತೆಳ್ಳಗಿಟ್ಟ ಹಡಗು) ಆಗಿದ್ದನ್ನು ಆಮೇಲೆ ಮಾರ್ಪಡಿಸಿದ್ದು. ಮಗ್ಗುಲಿನ ಕವಚ 8 ಇಂಚು ಮಾತ್ರ.

ಸುಮಾರು ಏಳು ನಿಮಿಷದಲ್ಲಿ 16 ಇಂಚಿನ 75 ಗುಂಡು ಹಾರಿದವು. ಅದರಲ್ಲೂ ನಡುವೆ, ಶತ್ರು ಮುಳುಗಿತು ಅನ್ನುವ ತಪ್ಪು ಸುದ್ದಿ ಬಂದು ಸ್ವಲ್ಪ ಹೊತ್ತು ನಿಲ್ಲಿಸಿದ್ದರು. ಆಗಿನ ವರದಿ ಪ್ರಕಾರ ಕನಿಷ್ಠ ಒಂಬತ್ತು ಗುಂಡು ತಗಲಿದವು, 5 ಇಂಚಿನವು 40ರಷ್ಟು. ಮುಂದೆ ಬಂದ ವಿಶ್ಲೇಷಣೆ ದೊಡ್ಡ ಗುಂಡುಗಳ ಲೆಕ್ಕವನ್ನು 20ರವರೆಗೆ ಏರಿಸಿತು. ಕಿರಿಶಿಮಾದ ಚುಕ್ಕಾಣಿ ಜಾಮ್ ಆಯಿತು, ಒಳಗೆ ನೀರು ತುಂಬಿತು. ಬೆಳಗಿನ ಜಾವ ಮೂರೂವರೆಗೆ ಮುಂಚೆ ಅದು ಮಗುಚಿ ಮುಳುಗಿತು. 1992ರಲ್ಲಿ ರಾಬರ್ಟ್ ಬಲ್ಲಾರ್ಡ್ ಅವರ ತಂಡ ಅದನ್ನು ಸಮುದ್ರದ ತಳದಲ್ಲಿ ತಲೆಕೆಳಗಾಗಿ ಬಿದ್ದಿರುವುದನ್ನು ಕಂಡಿತು. ಜಪಾನಿನ ಡಿಸ್ಟ್ರಾಯರ್ ಅಯಾನಾಮಿಯೂ ಅದೇ ರಾತ್ರಿ ಹೋಯಿತು.

ಆಮೇಲೆ ಲೀ ಒಂಟಿ ಹಡಗಿನಲ್ಲಿ ವಾಯವ್ಯಕ್ಕೆ ಹೊರಟು ಜಪಾನೀಯರನ್ನು ತಮ್ಮ ಹಿಂದೆ ಎಳೆದುಕೊಂಡು ಹೋದರು. ಟಾರ್ಪಿಡೊಗಳು ಬಂದವು, ಒಂದೂ ತಗಲಲಿಲ್ಲ. ಕೊಂಡೊ ಹಿಂದಿರುಗಲು ಆಜ್ಞೆ ಕೊಟ್ಟರು. ರನ್‌ವೇ ಉಳಿಯಿತು. 14ರ ಹಗಲಿನ ಅಮೆರಿಕದ ವಿಮಾನ ದಾಳಿ ಮುಗಿದ ಮೇಲೆ ಉಳಿದಿದ್ದ ನಾಲ್ಕು ಜಪಾನೀ ಸಾಗಣೆ ಹಡಗುಗಳು ದಡಕ್ಕೆ ನುಗ್ಗಿ ಮರಳಿಗೆ ಹತ್ತಿದವು. ಬೆಳಗಾದ ಮೇಲೆ ಹೆಂಡರ್ಸನ್ ಫೀಲ್ಡ್‌ನ ವಿಮಾನಗಳು ಅವನ್ನು ಸುಟ್ಟವು. ಇದರ ನಂತರ ಜಪಾನ್ ಆ ದ್ವೀಪಕ್ಕೆ ಅಷ್ಟು ದೊಡ್ಡ ಪ್ರಮಾಣದಲ್ಲಿ ಸೈನ್ಯ ಕಳಿಸಲಿಲ್ಲ.

ಯಾರ ಹೆಸರು ಪತ್ರಿಕೆಯಲ್ಲಿ ಬಂತು

ದುರಸ್ತಿಗೆ ನ್ಯೂಯಾರ್ಕ್‌ಗೆ ಹೋದದ್ದು ಸೌತ್ ಡಕೋಟಾ. ಹಾಗಾಗಿ ಪತ್ರಕರ್ತರ ಕೈಗೆ ಸಿಕ್ಕಿದ್ದೂ ಅದೇ. ಯುದ್ಧಕಾಲದ ಗೋಪ್ಯತೆಗಾಗಿ ಹೆಸರು ಮುಚ್ಚಿಟ್ಟು, ಬ್ಯಾಟಲ್‌ಶಿಪ್ ಎಕ್ಸ್ ಅಂತ ಕರೆದು, ವೀರಗಾಥೆ ಬರೆದರು. ಆ ರಾತ್ರಿಯ ಗೆಲುವೆಲ್ಲ ಅದರದ್ದೇ ಅನ್ನುವಂತಿತ್ತು. ಪೆಸಿಫಿಕ್‌ನಲ್ಲೇ ಉಳಿದಿದ್ದ ವಾಷಿಂಗ್ಟನ್‌ನ ನಾವಿಕರಿಗೆ ಮೈ ಉರಿಯಿತು. ಎರಡು ಹಡಗಿನವರ ನಡುವೆ ಜಗಳ ವರ್ಷಗಟ್ಟಲೆ ನಡೆಯಿತು. ಅದಕ್ಕೂ ಮೊದಲಿನ, ಅಕ್ಟೋಬರಿನ ಸಾಂತಾಕ್ರೂಜ್ ಕಾದಾಟದಲ್ಲಿ ವಿಮಾನ ಹೊಡೆಯುವುದರಲ್ಲಿ ಸೌತ್ ಡಕೋಟಾ ಒಳ್ಳೆಯ ಕೆಲಸ ಮಾಡಿತ್ತು ಅನ್ನುವುದೂ ನಿಜ. ಆದರೆ ನವೆಂಬರಿನ ರಾತ್ರಿಯ ಶ್ರೇಯಸ್ಸು ಅದಕ್ಕೆ ಹೋದದ್ದು ಸರಿಯಲ್ಲ ಅಂತಲೇ ನನಗನ್ನಿಸುವುದು.

ಲೀ ಮಾತ್ರ ವರದಿಯಲ್ಲಿ ಕೊಚ್ಚಿಕೊಳ್ಳಲಿಲ್ಲ. ಅನುಭವದಲ್ಲಿ, ತರಬೇತಿಯಲ್ಲಿ, ಕೌಶಲದಲ್ಲಿ ನಾವು ಜಪಾನೀಯರಿಗಿಂತ ಮೇಲಲ್ಲ, ನಮ್ಮ ಮೇಲುಗೈ ಬಹುಪಾಲು ರೇಡಾರ್‌ನಿಂದ ಬಂದದ್ದು ಅನ್ನುವ ಅರ್ಥದಲ್ಲಿ ಬರೆದರು. ಗೆದ್ದವರು ಹೀಗೆ ಬರೆಯುವುದು ಅಪರೂಪ.

ಆ ಮಾತನ್ನು ಅವರು ಸುಮ್ನೆ ಬರೆದಿರಲಿಲ್ಲ ಅನ್ನುವುದಕ್ಕೆ 1944ರ ಜೂನ್ ಸಾಕ್ಷಿ. ಫಿಲಿಪೀನ್ ಸಮುದ್ರದಲ್ಲಿ ಜಪಾನಿನ ಇಡೀ ನೌಕಾಬಲ ಎದುರಿಗೆ ಬರುತ್ತಿತ್ತು. ಈಗ ಲೀ ಕೈಯಲ್ಲಿ ಏಳು ಹೊಸ ಬ್ಯಾಟಲ್‌ಶಿಪ್‌ಗಳು, ವಾಷಿಂಗ್ಟನ್ ಮತ್ತು ಸೌತ್ ಡಕೋಟಾ ಎರಡೂ ಸೇರಿ, ಜೊತೆಗೆ ಐಯೊವಾ ಮತ್ತು ನ್ಯೂಜೆರ್ಸಿ. ರೇಡಾರ್‌ಗಳು 1942ರದ್ದಕ್ಕಿಂತ ಎಷ್ಟೋ ಸುಧಾರಿಸಿದ್ದವು. ರಾತ್ರಿ ಕಾದಾಟಕ್ಕೆ ಹೋಗುತ್ತೀರಾ ಅಂತ ವಿಮಾನವಾಹಕಗಳ ಪಡೆಯ ನಾಯಕ ಅಡ್ಮಿರಲ್ ಮಿಟ್ಷರ್ ಕೇಳಿದರು. ಅಮೆರಿಕದಲ್ಲಿ ಆ ಪ್ರಶ್ನೆಗೆ ಹೌದು ಅನ್ನಲು ಇವರಿಗಿಂತ ಅರ್ಹರು ಯಾರೂ ಇರಲಿಲ್ಲ. ಲೀ ಬೇಡ ಅಂದರು. ಹಡಗುಗಳು ವರ್ಷಗಟ್ಟಲೆ ವಿಮಾನವಾಹಕಗಳ ಕಾವಲಿಗೆ ಹಂಚಿಹೋಗಿದ್ದವು. ಒಂದೇ ಸಾಲಿನಲ್ಲಿ ಒಟ್ಟಿಗೆ ರಾತ್ರಿ ತಾಲೀಮು ಮಾಡಿದ್ದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಎಣ್ಣೆ ಜಾಸ್ತಿ ಇದೆ ಅಂತ ಆರಿಸಿ ತಂದ ನಾಲ್ಕು ಡಿಸ್ಟ್ರಾಯರ್‌ಗಳಿಗೆ ಏನಾಯಿತು ಅನ್ನುವುದನ್ನು ಅವರು ಕಣ್ಣಾರೆ ನೋಡಿದ್ದರು.